ಏಸಿ ಅಂಗಡಿಯಲ್ಲಿ ಜಯದೇವಪ್ಪನವರು

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಜಯದೇವಪ್ಪನವರು ಈ ಲೋಕದಲ್ಲಿ ಯಾವ ವಸ್ತುವನ್ನೂ ಕೊಂಡವರಲ್ಲ. ತೆಂಗಿನಕಾಯಿಯನ್ನು ಅಲ್ಲಾಡಿಸುವುದಾದರೆ ಸರಿ, ಅದನ್ನು ನೀವೂ ಮಾಡುತ್ತೀರಿ, ನಾವೂ ಮಾಡುತ್ತೇವೆ. ಅವರು ಬೆಂಕಿಪೊಟ್ಟಣ ಅಲ್ಲಾಡಿಸುತ್ತಿದ್ದರು, ಔಷಧದ ಅಂಗಡಿಯಲ್ಲಿ ಮಾತ್ರೆಯ ಡಬ್ಬಿ ಅಲ್ಲಾಡಿಸುತ್ತಿದ್ದರು, ಮಗನ ಮದುವೆಗೆಂದು ಆರಿಸಿದ ಗೋಡೆ ಗಡಿಯಾರವನ್ನು ಅಲ್ಲಾಡಿಸಿ ಅಂಗಡಿಯವನ ಜೀವ ಬಾಯಿಗೆ ತಂದಿದ್ದರು. ಹಾಸನದಲ್ಲಿ ಹೊಸ ಮೊಬೈಲ್ ಫೋನೊಂದನ್ನು ಎರಡೂ ಕಿವಿಗೆ ಹಿಡಿದು ಕುಲುಕಿ, ಒಳಗೆ ಯಾವುದೂ ಸಡಿಲವಾಗಿಲ್ಲವೆಂದು ಖಾತ್ರಿಯಾದ ಮೇಲೆಯೇ ಅದನ್ನು ಕೋಟಿನ ಜೇಬಿಗೆ ಇಳಿಸಿದ್ದರು. ಆ ಫೋನು ಇನ್ನೂ ಕೆಟ್ಟಿಲ್ಲ, ಅದಕ್ಕೆ ಕಾರಣ ತಮ್ಮ ಪರೀಕ್ಷೆಯೇ ಎಂದು ಅವರು ನಂಬಿದ್ದಾರೆ.

ಆದರೆ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಬೆಳೆದವರಿಗೆ ಇದು ಚಟವಲ್ಲ, ವಿದ್ಯೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತ ಕಾಯಿ ತನ್ನ ನೀರನ್ನು ತಾನೇ ಹೀರಿಕೊಂಡು, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಒಳಗೇ ಉಂಡೆಯಾಗುತ್ತದೆ. ಅದು ಆಗಿದೆಯೋ ಇಲ್ಲವೋ ಎಂಬುದನ್ನು ಕಣ್ಣು ಹೇಳಲಾರದು, ಕಿವಿ ಹೇಳಬೇಕು. ಕಿವಿಯ ಕೆಲಸ ಮುಗಿದ ಮೇಲೆ ಮೂಗು, ಮೂಗಿನ ನಂತರ ನಾಲಿಗೆ. ಚೀಲದ ಬಾಯಿ ಬಿಚ್ಚಿದ ಕೂಡಲೇ ಜಯದೇವಪ್ಪನವರು ಮೊಣಕೈವರೆಗೆ ಕೈ ತೂರಿಸಿ, ಮೇಲಿನದೂ ಅಲ್ಲದ ತಳದ್ದೂ ಅಲ್ಲದ ಒಂದು ಉಂಡೆಯನ್ನು ಎಳೆದು, ಒಡೆದು, ಮೂಸಿ, ಹೆಬ್ಬೆರಳ ಉಗುರಿನಷ್ಟು ಚೂರನ್ನು ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಅಷ್ಟು ಹೊತ್ತು ಬೆಳೆಗಾರ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದ. ಅವರು ಕಣ್ಣು ತೆರೆದು "ಒಂದ್ ಮಾತು" ಎಂದರೆ ತೀರ್ಪು ಬಂತು ಎಂದರ್ಥ. "ಒಂದ್ ಮಾತು" ಎಂದು ಶುರುಮಾಡಿ ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ನಾವ್ಯಾರೂ ಕಂಡಿಲ್ಲವಾದರೂ, ಕೊಬ್ಬರಿಯ ವಿಷಯದಲ್ಲಿ ಆ ಮೊದಲ ಮಾತೇ ಸಾಕಾಗುತ್ತಿತ್ತು.

ಹೀಗೆ ರುಚಿ ನೋಡಿದ ಕೊಬ್ಬರಿಯ ಉಳಿದ ಭಾಗ ಚೀಲಕ್ಕೆ ಮರಳುವಂತಿಲ್ಲ, ಕೊಳ್ಳುವವನ ಮನೆಗೂ ಹೋಗುವಂತಿಲ್ಲ. ಮಂಡಿಯ ಬಾಗಿಲಲ್ಲಿ ಒಂದು ಬುಟ್ಟಿ ಇರುತ್ತದೆ. ಒಡೆದದ್ದೆಲ್ಲ ಅದಕ್ಕೆ, ಬುಟ್ಟಿ ತುಂಬಿದ ದಿನ ಅದು ಮಠದ ದಾಸೋಹದ ಅಡಿಗೆಮನೆಗೆ. ಜಯದೇವಪ್ಪನವರ ತಂದೆ ಅಲ್ಲಿ ಬುಟ್ಟಿ ಇಟ್ಟರು, ಇವರು ಮುಂದುವರಿಸಿದರು, ಈಗ ವ್ಯಾಪಾರ ನೋಡಿಕೊಳ್ಳುವ ಮಗ ಚನ್ನೇಶ್ ಕೂಡ ಇಟ್ಟಿದ್ದಾನೆ. ರುಚಿ ನೋಡುವುದು ಕೊಳ್ಳುವವನ ಹಕ್ಕು, ನೋಡಿ ಉಳಿದದ್ದು ಹಸಿದವರ ಪಾಲು. ಇದರಲ್ಲಿ ಕಳ್ಳತನ ಎಲ್ಲಿಂದ ಬರಬೇಕು? ಅವರು ಇದನ್ನು ಎಂದೂ ಕೇಳಿಕೊಂಡವರಲ್ಲ, ಕೇಳಿಕೊಳ್ಳುವ ಪ್ರಮೇಯವೂ ಬಂದಿರಲಿಲ್ಲ.

ಆಳು ಎತ್ತರ, ಆದರೆ ಎಡಗಡೆಗೆ ತುಸು ವಾಲಿದ ನಡಿಗೆ. ಆ ಭುಜದ ಮೇಲೆ ಕಾಣದ ಚೀಲವೊಂದು ಸದಾ ಇರುವಂತೆ. ಬಿಳಿಯ ಪಂಚೆಯ ಮೇಲೆ ಕಂದುಬಣ್ಣದ ಕ್ಲೋಸ್ ಕಾಲರ್ ಕೋಟು, ಬೇಸಿಗೆಯಲ್ಲೂ. ಕೋಟಿನ ಜೇಬುಗಳು ಕೊಬ್ಬರಿಯ ಎಣ್ಣೆ ಕುಡಿದು ಕಪ್ಪಾಗಿದ್ದವು. ಅದನ್ನು ಒಗೆಯಲು ಹೆಂಡತಿ ಸುವರ್ಣಮ್ಮ ಕೈಚಾಚಿದಾಗಲೆಲ್ಲ "ಒಗೆದ್ರೆ ಅದು ಕೋಟಾಗಿ ಉಳಿಯಲ್ಲ ಕಣೇ" ಎನ್ನುತ್ತಿದ್ದರು. ಬೇರೆ ಏನಾಗಿ ಉಳಿಯುತ್ತದೆ ಎಂಬುದನ್ನು ಅವರು ಹೇಳಲಿಲ್ಲ, ಸುವರ್ಣಮ್ಮ ಕೇಳಲೂ ಇಲ್ಲ.

ಮಗನಿಗೆ ಹೆಣ್ಣು ನೋಡಲು ಬೇಲೂರಿಗೆ ಹೋದಾಗಿನ ಕಥೆಯನ್ನು ನೆಂಟರೆಲ್ಲ ಈಗಲೂ ಹೇಳಿ ನಗುತ್ತಾರೆ. ಹುಡುಗಿಯ ತಂದೆ ನಿವೃತ್ತ ಹೆಡ್‌ಮಾಸ್ತರು, ಮಾತಿನಲ್ಲಿ ಗಂಭೀರ, ಮನೆಯಲ್ಲಿ ಶಿಸ್ತು. ತಟ್ಟೆಯಲ್ಲಿ ಉಪ್ಪಿಟ್ಟು ಬಂತು. ಜಯದೇವಪ್ಪನವರು ಉಪ್ಪಿಟ್ಟಿನೊಳಗಿಂದ ಒಂದು ಗೋಡಂಬಿಯನ್ನು ಎರಡು ಬೆರಳಲ್ಲಿ ಎತ್ತಿ, ಮೂಗಿನ ಬಳಿ ಹಿಡಿದು, ಕಚ್ಚಿ, ಕಣ್ಣು ಮುಚ್ಚಿದರು. "ಒಂದ್ ಮಾತು," ಎಂದರು, "ಗೋಡಂಬಿ ಹೋದ ವರ್ಷದ್ದು." ಹೆಡ್‌ಮಾಸ್ತರು ಬೆವತುಹೋದರು. ಒಳಗಿನ ಬಾಗಿಲ ಮರೆಯಿಂದ ಮಾತ್ರ ಕಿಸಕ್ಕನೆ ನಗು ಕೇಳಿಸಿತು. ಅದು ಸಿಂಧುವಿನದು. ಜಾತಕ, ನೆಂಟಸ್ತಿಕೆ, ಕೊಡುಕೊಳ್ಳುವ ಮಾತು ಯಾವುದೂ ಇತ್ಯರ್ಥವಾಗುವ ಮೊದಲೇ ಆ ಸಂಬಂಧ ಆ ನಗುವಿನಲ್ಲಿ ಕುದುರಿತ್ತು ಎನ್ನಬೇಕು.

ಸಿಂಧು ಅರಸೀಕೆರೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿ. ಮಾವ ಸೊಸೆಯ ನಡುವೆ ಇದ್ದ ಸಲಿಗೆಯನ್ನು ಕಂಡು ಸುವರ್ಣಮ್ಮನವರಿಗೆ ಒಮ್ಮೊಮ್ಮೆ ಹೊಟ್ಟೆಕಿಚ್ಚು. ಆ ಸಲಿಗೆಯ ಮೂಲವಾದರೂ ಏನು? ತಿಂಡಿ. ಇಬ್ಬರಿಗೂ ನಾಲಿಗೆ ಚುರುಕು, ಇಬ್ಬರಿಗೂ ಹೊಸ ರುಚಿಯೆಂದರೆ ಜೀವ. ಹೀಗಿರುವಾಗ ಬಿ.ಎಚ್. ರಸ್ತೆಯಲ್ಲಿ ಆ ಅಂಗಡಿ ಬಂತು.

ಅದರ ಬೋರ್ಡಿನ ಮೇಲಿನ ಉದ್ದದ ಇಂಗ್ಲಿಷ್ ಹೆಸರು ನಮ್ಮೂರಿನ ಯಾರ ಬಾಯಿಗೂ ಹತ್ತಲಿಲ್ಲ, ಎಲ್ಲರೂ ಏಸಿ ಅಂಗಡಿ ಎಂದೇ ಕರೆದರು. ಬೆಂಗಳೂರು, ಮೈಸೂರುಗಳಲ್ಲಿ ಅದರ ಶಾಖೆಗಳು ಹಲವಾರು. ನಮ್ಮ ಕಡೆಗೆ ಮೊದಲು ಬೇಲೂರಿಗೆ ಬಂದು, ಹಳೇಬೀಡಿನ ದಾರಿ ಹಿಡಿಯುವ ಪ್ರವಾಸಿಗರಿಗೆ ಚಾಕೊಲೇಟು, ಹಣ್ಣಿನ ರಸ ಮಾರಿ ಕೈ ಕುದುರಿಸಿಕೊಂಡು, ಆಮೇಲೆ ಅರಸೀಕೆರೆಗೆ ಕಾಲಿಟ್ಟಿತು. ಅಲ್ಲಿ ಬೇಳೆ ಬೆಲ್ಲ ಸಿಗುವುದಿಲ್ಲ. ಸಿಗುವುದೆಲ್ಲ ಆಸೆಪಟ್ಟು ತಿನ್ನುವಂಥದ್ದು: ಕಾಬೂಲಿನ ಅಂಜೂರ, ಅರಬ್ಬಿ ಖರ್ಜೂರ, ಉಪ್ಪು ಹಚ್ಚಿ ಹುರಿದ ಪಿಸ್ತಾ, ತೋಟದ ಹೆಸರು ಬರೆದ ಕಾಫಿಪುಡಿ, ಪುನರ್ಪುಳಿಯ ಶರಬತ್ತು, ಕಹಿ ಚಾಕೊಲೇಟು. ಬಾಟಲಿಯಲ್ಲಿ ತುಂಬಿದ ಎಳನೀರು ಕೂಡ. ಮೊದಲ ದಿನ ಅದನ್ನು ಮನೆಗೆ ತಂದಾಗ ಸುವರ್ಣಮ್ಮ ಹಣೆ ಚಚ್ಚಿಕೊಂಡರು: "ತೋಟದ ತುಂಬ ಎಳನೀರು ಇಟ್ಕೊಂಡು ಬಾಟ್ಲೀಲಿ ತಂದ್ರಾ? ನೋಡಿದವರು ನಗಲ್ವೇನ್ರೀ?"

ಶನಿವಾರ ಸಂಜೆ ಸೊಸೆಯ ಸ್ಕೂಟರಿನ ಹಿಂದೆ ಕೋಟು ಹಾಕಿಕೊಂಡು ಕೂತು ಏಸಿ ಅಂಗಡಿಗೆ ಹೋಗುವುದು ಜಯದೇವಪ್ಪನವರ ಬಾಳಿನ ದೊಡ್ಡ ಸಂಭ್ರಮವಾಯಿತು. ಗಾಜಿನ ಬಾಗಿಲು ತೆರೆದು ತಂಪು ಗಾಳಿ ಮುಖಕ್ಕೆ ಬಡಿದ ಕೂಡಲೇ ಅವರು ಒಮ್ಮೆ ನಿಂತು, ಮೂಗರಳಿಸಿ, ಇವತ್ತು ಯಾವ ಸರಕು ಹೊಸದಾಗಿ ಬಂದಿದೆ ಎಂದು ಹೇಳುತ್ತಿದ್ದರು. ಹತ್ತರಲ್ಲಿ ಐದು ಸಲ ಸರಿಯಾಗುತ್ತಿತ್ತು. ಸಿಂಧು ಮಾತ್ರ ಪ್ರತಿಸಲವೂ ಸರಿ ಎಂದೇ ಒಪ್ಪುತ್ತಿದ್ದಳು.

ಅವರು ಒಬ್ಬರೇ ಹೋಗುತ್ತಿದ್ದುದು ಅವಳಿಗೆ ಗೊತ್ತಿರಲಿಲ್ಲ. ವಾರದ ನಡುವೆ, ಅಂಗಡಿ ಬಿಕೋ ಎನ್ನುವ ಬೆಳಗಿನ ಹೊತ್ತು, ವಾಕಿಂಗ್ ನೆಪದಲ್ಲಿ ಹೊರಟು ಅಲ್ಲಿಗೆ ಸೇರುತ್ತಿದ್ದರು. ಕದ್ದು ಹೋಗುವುದಲ್ಲ, ರುಚಿ ನೋಡುವುದು ಸಾವಕಾಶದ ಕೆಲಸ, ಸೊಸೆ ಗಡಿಬಿಡಿಯವಳು, ಅಷ್ಟೇ. ಪೊಟ್ಟಣವೊಂದನ್ನು ಕಿವಿಯ ಹತ್ತಿರ ಕುಲುಕಿ, ಮೂಲೆಯನ್ನು ಉಗುರಿನಿಂದ ನವಿರಾಗಿ ಬಿಡಿಸಿ, ಒಳಗಿನದೊಂದನ್ನು ಬಾಯಿಗೆ ಹಾಕಿ ಕಣ್ಣು ಮುಚ್ಚುತ್ತಿದ್ದರು. ಹಿಡಿಸಿದರೆ ಅದೇ ಸಾಲಿನ ಬೇರೊಂದು ಪೊಟ್ಟಣವನ್ನು ಕೊಳ್ಳುತ್ತಿದ್ದರು, ಹಿಡಿಸದಿದ್ದರೆ ಇಲ್ಲ. ಒಂದು ಚೀಲದಿಂದ ರುಚಿ ನೋಡಿ ಇಡೀ ರಾಶಿಗೆ ಬೆಲೆ ಕಟ್ಟುವವರು ಬೇರೆ ಹೇಗೆ ಮಾಡಿಯಾರು? ಬಿಚ್ಚಿದ ಪೊಟ್ಟಣವನ್ನು ಅವರು ಕಪಾಟಿಗೆ ಹಿಂದಿರುಗಿಸುತ್ತಿರಲಿಲ್ಲ, ಛೆ, ಅಷ್ಟು ತಿಳಿಯದವರೇ? ಅಂಗಡಿಯ ಹಿಂಬದಿಯ ಮೂಲೆಯಲ್ಲಿ ಒಂದು ತಂತಿಯ ಬುಟ್ಟಿ ಇತ್ತು. ಅದರಲ್ಲಿ ಹರಿದ, ಒಡೆದ ಪೊಟ್ಟಣಗಳು ಬಿದ್ದಿರುತ್ತಿದ್ದವು. ಕೆಟ್ಟ ಸರಕನ್ನು ಕಂಪನಿಗೆ ವಾಪಸು ಕಳಿಸಲು ಇಟ್ಟಿದ್ದ ಬುಟ್ಟಿ ಅದು. ಜಯದೇವಪ್ಪನವರು ನೋಡಿದ ಕೂಡಲೇ ಅರ್ಥಮಾಡಿಕೊಂಡರು, ತಮ್ಮದೇ ರೀತಿಯಲ್ಲಿ: ಪರವಾಗಿಲ್ಲ, ದೊಡ್ಡ ಕಂಪನಿಯವರೂ ದಾಸೋಹದ ಬುಟ್ಟಿ ಇಟ್ಟಿದ್ದಾರೆ. ಯಾವ ಮಠಕ್ಕೆ ಹೋಗುತ್ತದೆಂದು ಯಾರನ್ನಾದರೂ ಕೇಳಬಹುದಿತ್ತು. ಕೇಳಿ ತಿಳಿಯುವುದು ಅವರ ಜಾಯಮಾನವಲ್ಲ, ನೋಡಿ ತಿಳಿಯುವವರು ಅವರು. ಪೊಟ್ಟಣದ ಬಾಯಿಯನ್ನು ಅಂದವಾಗಿ ಮಡಚಿ, ಒಂದು ಅಂಜೂರ ಕಡಿಮೆಯಾದ ಅದನ್ನು ಬುಟ್ಟಿಯಲ್ಲಿ ಇಟ್ಟು, ಪುಣ್ಯದ ಕೆಲಸವೊಂದು ನಡೆದುಹೋದ ಸಮಾಧಾನದಲ್ಲಿ ಮನೆಗೆ ಬರುತ್ತಿದ್ದರು.

ಇದು ಬೆಳಕಿಗೆ ಬಂದದ್ದು ಒಂದು ಶನಿವಾರ, ಶುಂಠಿಯ ಪಾನೀಯದಿಂದ. ಗಾಜಿನ ಬಾಟಲಿ, ಹೊನ್ನಿನ ಬಣ್ಣ, ಒಳಗೆ ಗ್ಯಾಸು. ಜಯದೇವಪ್ಪನವರು ಅದನ್ನು ಕಿವಿಗೆ ಹಿಡಿದು ತಮ್ಮ ಪದ್ಧತಿಯಂತೆ ಚೆನ್ನಾಗಿ ಕುಲುಕಿದರು. ಏನೂ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಕುಲುಕಿದರು. ಸಿಂಧು ಆಚೆಯ ಸಾಲಿನಲ್ಲಿ ಚಾಕೊಲೇಟು ಹುಡುಕುತ್ತಿದ್ದಳು. ಮೂಸಿ ನೋಡೋಣವೆಂದು ಮುಚ್ಚಳ ತಿರುಗಿಸಿದ್ದೇ ತಡ, ಬುಸ್ಸೆಂದು ಉಕ್ಕಿದ ಶುಂಠಿಯ ನೊರೆ ಅವರ ಕೋಟನ್ನೂ ಎದುರಿನ ಬಿಸ್ಕತ್ತಿನ ಸಾಲನ್ನೂ ತೋಯಿಸಿ, ಪಕ್ಕದಲ್ಲೇ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸೊಬ್ಬರ ರೇಷ್ಮೆ ಸೀರೆಯ ಮೇಲೆ ಧಾರಾಳವಾಗಿ ಬಿತ್ತು. ಆ ಹೆಂಗಸು ಪುಷ್ಪಲತಾ, ಸಿಂಧುವಿನ ಕಾಲೇಜಿನಲ್ಲೇ ಪಾಠ ಮಾಡುವವರು, ಕೇಳಿದ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದವರು. ಅಂಗಡಿಯಲ್ಲಿದ್ದವರು ನಕ್ಕರು. ಜಯದೇವಪ್ಪನವರೂ ನಗುವುದರಲ್ಲಿದ್ದರು. ಆಗ ಮ್ಯಾನೇಜರ್ ಶಿವಕುಮಾರ್ ಬಂದ, ತೆರೆದ ಬಾಟಲಿಯನ್ನು ನೋಡಿದ, ಅವರ ಮುಖವನ್ನು ನೋಡಿದ. ಅವನು ನಗಲಿಲ್ಲ.

"ಸರ್, ನೀವು ಬೆಳಿಗ್ಗೆ ಹೊತ್ತು ಬರ್ತೀರಲ್ವಾ? ಒಬ್ರೇ?"

"ಬರ್ತೀನಿ. ಯಾಕಪ್ಪಾ?"

ಅವನು ಒಳ್ಳೆಯ ಹುಡುಗನೇ, ಎಲ್ಲರೆದುರು ಕೂಗಾಡಲಿಲ್ಲ. ಮಾವ ಸೊಸೆ ಇಬ್ಬರನ್ನೂ ಹಿಂದಿನ ಕೋಣೆಗೆ ಕರೆದೊಯ್ದು ಕುರ್ಚಿ ಹಾಕಿಸಿದ. ಪುಷ್ಪಲತಾ ಸೀರೆ ಒರೆಸಿಕೊಳ್ಳುವ ನೆಪದಲ್ಲಿ ಬಾಗಿಲವರೆಗೆ ಬಂದು ನಿಂತರು. ತಿಂಗಳುಗಳಿಂದ ಪೊಟ್ಟಣಗಳನ್ನು ಯಾರೋ ಬಿಚ್ಚುತ್ತಿದ್ದಾರೆ, ಒಂದೊಂದೇ ತಿಂದು ಮೂಲೆಯ ಬುಟ್ಟಿಗೆ ಹಾಕುತ್ತಿದ್ದಾರೆ ಎಂದ ಶಿವಕುಮಾರ್. ಗಿರಾಕಿಗಳಾದರೆ ತಿಂದು ಎಲ್ಲಾದರೂ ಬಿಸಾಕುತ್ತಾರೆ. ಆ ಕಡೆಗೆ ಕ್ಯಾಮೆರಾ ಇರಲಿಲ್ಲ, ಬುಟ್ಟಿಯ ಉಪಯೋಗ ಗೊತ್ತಿದ್ದದ್ದು ಕೆಲಸದವರಿಗೆ ಮಾತ್ರ. ಹಾಗಾಗಿ ಮೇಲಿನವರು ಬಂದು ವಿಚಾರಣೆ ನಡೆಸಿದರಂತೆ. "ಆ ಸಾಲು ನೋಡ್ಕೊಳ್ತಿದ್ದ ಹುಡುಗೀನ ಕೆಲಸದಿಂದ ತೆಗೆದ್ವಿ ಸರ್. ರಮಾ ಅಂತ, ಬಾಣಾವರದವಳು. ನಾನಲ್ಲ ನಾನಲ್ಲ ಅಂತ ಅಳ್ತಾನೇ ಹೋದ್ಲು."

ರಮಾ ಎಂಬ ಹೆಸರು ಕೇಳಿದ ಕೂಡಲೇ ಸಿಂಧುವಿನ ಮುಖ ಬಿಳಿಚಿಕೊಂಡಿತು. ಎರಡು ವರ್ಷ ತನ್ನ ತರಗತಿಯಲ್ಲಿ ಕೂತ ಹುಡುಗಿ ಅದು.

ಜಯದೇವಪ್ಪನವರು ಬಾಯಿ ತೆರೆದರು. ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಗೆ ಬಂದಿತ್ತು: ಒಂದ್ ಮಾತು, ಅದು ನಾನೇ, ನಮ್ಮ ಮಂಡಿಯಲ್ಲಿ ಹೀಗೇ ಮಾಡೋದು, ಬುಟ್ಟಿಯನ್ನು ನಾನು ತಪ್ಪು ತಿಳಿದೆ, ಆ ಹುಡುಗಿಯನ್ನು ಕರೆಸಿ. ಇಷ್ಟನ್ನು ಹೇಳಲು ಎಷ್ಟು ಹೊತ್ತು ಬೇಕು? ಆದರೆ ಸಿಂಧು ಅವರಿಗಿಂತ ಮೊದಲು ಮಾತಾಡಿಬಿಟ್ಟಳು.

"ನಮ್ಮ ಮಾವನಿಗೆ ಮರೆವಿನ ಕಾಯಿಲೆ. ಏನು ಮಾಡ್ತಿದ್ದೀನಿ ಅಂತ ಅವರಿಗೇ ಗೊತ್ತಾಗಲ್ಲ. ದಯವಿಟ್ಟು ತಪ್ಪು ತಿಳೀಬೇಡಿ."

ಕೋಣೆ ಕೂಡಲೇ ಬದಲಾಯಿತು. ಶಿವಕುಮಾರನ ಬಿಗಿದ ಮುಖ ಸಡಿಲಾಯಿತು, ಬಾಗಿಲಲ್ಲಿದ್ದ ಪುಷ್ಪಲತಾ "ಅಯ್ಯೋ ಪಾಪ" ಎಂದರು, ಯಾರೋ ಒಂದು ಲೋಟ ನೀರು ತಂದಿಟ್ಟರು. ಎಲ್ಲರೂ ಅವರನ್ನೇ ನೋಡುತ್ತಿದ್ದರು, ಮತ್ತು ಆ ನೋಟದಲ್ಲಿ ಸಿಟ್ಟಿರಲಿಲ್ಲ. ಜಯದೇವಪ್ಪನವರು ತೆರೆದ ಬಾಯನ್ನು ಮುಚ್ಚಿದರು. ಆಮೇಲೆ, ಯಾರೂ ಹೇಳಿಕೊಡದಿದ್ದರೂ, ಗಲ್ಲವನ್ನು ತುಸು ಜೋಲುಬಿಟ್ಟು, ಗೋಡೆಯ ಕಡೆ ನೋಡುತ್ತ, ತಮ್ಮದಲ್ಲದ ಒಂದು ಸಣ್ಣ ದನಿಯಲ್ಲಿ ಕೇಳಿದರು: "ಮನೆಗೆ ಹೋಗಾಣ್ವಾ ಮಗಾ?"

ಸೊಸೆಯ ಮಾತು ಸುಳ್ಳಾಗಬಾರದೆಂದು ಹಾಗೆ ಮಾಡಿದೆ ಎಂದು ಆಮೇಲೆ ತಮಗೆ ತಾವೇ ಎಷ್ಟೋ ಸಲ ಹೇಳಿಕೊಂಡರು. ಅದು ಅರ್ಧ ನಿಜ. ಇನ್ನರ್ಧವನ್ನು ಅವರಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ: ಆ ಕ್ಷಣ ಅವರಿಗೆ ಹೆದರಿಕೆಯಾಗಿತ್ತು, ತಪ್ಪಿಸಿಕೊಳ್ಳಲು ಸಂದಿ ಕಂಡಿತು, ನುಸುಳಿಬಿಟ್ಟರು. ಒಂದು ಹೆಣ್ಣುಮಗಳ ಹೊಟ್ಟೆಯ ಮೇಲೆ ಹೊಡೆದು, ತಾನು ಹುಚ್ಚನ ವೇಷದ ಹಿಂದೆ ಅವಿತು ಕೂತವನು. ಇದನ್ನು ನೆನೆದಾಗಲೆಲ್ಲ ಅವರು ಊಟದ ತಟ್ಟೆಯನ್ನು ಬದಿಗೆ ಸರಿಸುತ್ತಿದ್ದರು.

ಸುವರ್ಣಮ್ಮ ಮೊದಲು ನಂಬಲೇ ಇಲ್ಲ. "ಇವರಿಗೆ ಮರೆವಾ? ನನ್ನ ತಮ್ಮ ನಮ್ಮ ಮದುವೇಲಿ ಆಡಿದ ಮಾತನ್ನ ಇವತ್ತಿಗೂ ಎತ್ತಿ ಆಡ್ತಾರೆ, ಇವರಿಗೆ ಮರೆವಾ?" ಎಂದು ನಕ್ಕರು. ನಿಜವೇನೆಂದು ಗಂಡನ ಬಾಯಿಂದಲೇ ಕೇಳಿದ ಮೇಲೆ ನಗು ನಿಂತಿತು. ಆ ಹುಡುಗಿಯ ತಾಯಿ ಬದುಕಿದ್ದಾಳಾ ಎಂದು ಕೇಳಿದರು. ಜಯದೇವಪ್ಪನವರಿಗೆ ಆ ಒಂದು ಪ್ರಶ್ನೆಯೇ ಸಾಕಾಯಿತು.

ಊರಿಗೆ ಸುದ್ದಿ ಹಬ್ಬಲು ಪುಷ್ಪಲತಾ ಒಬ್ಬರೇ ಸಾಕಿತ್ತು. ಮಂಡಿಯಲ್ಲಿ ಜನ ಅವರಿಗೆ ಮೊದಲಿಗಿಂತ ಹೆಚ್ಚು ನಮಸ್ಕಾರ ಮಾಡತೊಡಗಿದರು. ಕಣಕಟ್ಟೆಯ ಕರಿಯಪ್ಪ ಇವರ ತೀರ್ಪಿಲ್ಲದೆ ಒಂದು ಚೀಲವನ್ನೂ ಮಾರದಿದ್ದ ಬೆಳೆಗಾರ. ಅವನು ಈಗ ಬಂದು ಇವರ ತಲೆಯ ಮೇಲಿಂದ ಚನ್ನೇಶನ ಹತ್ತಿರ ಮಾತಾಡಿದ. ಇವರು ಅಭ್ಯಾಸಬಲದಿಂದ ಚೀಲಕ್ಕೆ ಕೈ ಹಾಕಿ, ಒಂದು ಉಂಡೆ ಒಡೆದು, ಕಣ್ಣು ಮುಚ್ಚಿ ಅಗಿದು "ಒಂದ್ ಮಾತು" ಎಂದಾಗ, ಕರಿಯಪ್ಪ ದನಿ ಏರಿಸಿ, ಒಂದೊಂದೇ ಪದ ಬಿಡಿಸಿ ಹೇಳಿದ: "ಚೆನ್ನಾಗೈತಾ ಯಜಮಾನ್ರೇ? ತಿನ್ನಿ, ತಿನ್ನಿ. ಇನ್ನೊಂದ್ ಬೇಕಾ?" ಮತ್ತೆ ಚನ್ನೇಶನತ್ತ ತಿರುಗಿ ಬೆಲೆಯ ಮಾತಿಗಿಳಿದ. ಚನ್ನೇಶನಿಗೆ ನಿಜ ಗೊತ್ತಿತ್ತು. ಆದರೆ ಹೆಂಡತಿ ಹೇಳಿದ್ದು ಸುಳ್ಳೆಂದು ಮಂಡಿಯ ನಡುವೆ ಅವನು ಹೇಗೆ ಹೇಳಿಯಾನು? ಅಪ್ಪನ ಮುಖ ನೋಡಲಾರದೆ ತಕ್ಕಡಿಯ ಕಡೆ ನೋಡಿದ.

ಸಿಂಧು ಒಂದು ದಿನ ಹಿತ್ತಲಲ್ಲಿ ಅವರೆದುರು ಬಂದು ನಿಂತು ಅತ್ತಳು. "ಪೊಲೀಸು ಗಿಲೀಸು ಅಂದುಬಿಡ್ತಾರೇನೋ ಅಂತ ಭಯ ಆಯ್ತು ಮಾವ. ನಾನು ಹಾಗೆ ಹೇಳಬಾರದಿತ್ತು."

"ಹೇಳಿದ್ದು ನೀನು. ಮಾಡಿದ್ದು ನಾನು," ಎಂದರು ಜಯದೇವಪ್ಪನವರು. "ಆ ಹುಡುಗಿ ವಿಷಯ ಏನಾಯ್ತು?"

ಅವಳು ಸುಮ್ಮನೆ ಕೂತಿರಲಿಲ್ಲ. ಶಿವಕುಮಾರನ ಹತ್ತಿರ ಹೋಗಿ ರಮಾಳ ಹೆಸರಿಗಂಟಿದ ಕಳಂಕ ತೊಡೆಸಿದ್ದಳು. ಬೇಕಾದರೆ ಅವಳು ಮರಳಿ ಕೆಲಸಕ್ಕೆ ಬರಬಹುದು ಎಂದು ಅವನು ಒಪ್ಪಿದ್ದ. ರಮಾಳಿಗೆ ಫೋನ್ ಮಾಡಿ ಎಲ್ಲ ಹೇಳಿಯೂ ಆಗಿತ್ತು. ಎಲ್ಲ ಎಂದರೆ ಮರೆವಿನ ಕಾಯಿಲೆಯನ್ನೂ ಸೇರಿಸಿ. ಒಮ್ಮೆ ಆಡಿದ ಸುಳ್ಳನ್ನು ಅರ್ಧದಾರಿಯಲ್ಲಿ ಬಿಡಲು ಬರುವುದಿಲ್ಲ. ಹುಡುಗಿ ಮಾತ್ರ ಆ ಅಂಗಡಿಗೆ ಮತ್ತೆ ಕಾಲಿಡುವುದಿಲ್ಲ ಎಂದಳಂತೆ. ಬಾಣಾವರದಲ್ಲೇ ಒಂದು ಬಟ್ಟೆ ಅಂಗಡಿ ಸೇರಿದ್ದಾಳೆ.

ಹಾಗಾದರೆ ಎಲ್ಲ ಸರಿಹೋಯಿತಲ್ಲ ಎಂದು ನೀವು ಅನ್ನಬಹುದು, ಮನೆಯವರೂ ಅದನ್ನೇ ಅಂದರು. ಜಯದೇವಪ್ಪನವರಿಗೆ ಸರಿಹೋಗಿರಲಿಲ್ಲ. ಅವಳ ಕೆಲಸ ಕಳೆದವನು ಬುದ್ಧಿ ನೆಟ್ಟಗಿದ್ದೇ ಕಳೆದನೆಂದು ಅವಳಿಗೆ ತಿಳಿಯಬೇಕು, ತಮ್ಮ ಬಾಯಿಂದಲೇ ತಿಳಿಯಬೇಕು, ಅವಳು ಏನು ಅನ್ನುತ್ತಾಳೋ ಅದನ್ನು ತಾವು ನಿಂತು ಕೇಳಬೇಕು. ಅಷ್ಟಾಗದೆ ಈ ನಾಚಿಕೆ ತೊಲಗದು ಎಂದು ಅವರಿಗೆ ಖಚಿತವಾಗಿತ್ತು. ಯಾರಿಗೂ ಹೇಳದೆ ಒಂದು ಭಾನುವಾರ ಬಾಣಾವರದ ಬಸ್ಸು ಹತ್ತಿದರು.

ಬಾಣಾವರ ಅವರಿಗೆ ಹೊಸದಲ್ಲ. ಸ್ಟೇಷನ್ ರಸ್ತೆಯ ವರ್ತಕರೆಲ್ಲ ಪರಿಚಿತರು, ಸುತ್ತಿನ ತೋಟಗಳ ಅಟ್ಟಗಳೆಲ್ಲ ಹತ್ತಿಳಿದವು. ರಮಾಳ ಮನೆಯಿದ್ದ ಬೀದಿಗೆ ಮಾತ್ರ ಅವರು ಈವರೆಗೆ ಕಾಲಿಟ್ಟವರಲ್ಲ. ಏಕೆ ಎಂಬುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೂ ಅಂದು ಅವರ ಲೆಕ್ಕಕ್ಕೆ ಬಂತು, ಬೇರೆಯದೇ ಒಂದು ನಾಚಿಕೆಯಾಗಿ.

ಚೊಕ್ಕವಾದ ಚಿಕ್ಕ ಮನೆ. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಕ್ಕಳ ಓದಿನ ಮೇಜು. ರಮಾಳ ತಾಯಿ ಸಣ್ಣತಾಯಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದವರು, ಕೋಟು ಹಾಕಿದ ಮುದುಕರನ್ನು ಕಂಡು ಎದ್ದರು. ಹೆಸರು ಹೇಳಿದ ಕೂಡಲೇ ಅವರ ಮುಖದಲ್ಲಿ ಕನಿಕರ ಮೂಡಿತು.

"ಅಯ್ಯೋ ಶಿವನೇ, ಒಬ್ರೇ ಬಂದ್ರಾ? ಮನೇಲಿ ಗೊತ್ತೈತಾ? ಬನ್ನಿ, ಬಿಸಿಲಾಗ್ ನಿಂತ್ಕಬ್ಯಾಡಿ. ರಮಾ, ಬಾರೇ ಇಲ್ಲಿ, ಸಿಂಧು ಮೇಡಮ್ಮೋರ ಮಾವ ಬಂದವ್ರೆ."

ರಮಾ ಒಳಗಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಜಯದೇವಪ್ಪನವರು ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ನಿಂತೇ ಹೇಳಿದರು. ಪೊಟ್ಟಣಗಳನ್ನು ಬಿಚ್ಚಿದ್ದು ತಾವು. ಮಂಡಿಯ ಪದ್ಧತಿ ಹೀಗೆ, ಬುಟ್ಟಿಯನ್ನು ಕಂಡು ತಾವು ತಿಳಿದದ್ದು ಹೀಗೆ. ಅವಳ ಕೆಲಸ ಹೋದದ್ದು ತಿಳಿದ ಮೇಲೂ ಬಾಯಿಬಿಡದೆ ಹುಚ್ಚರ ಹಾಗೆ ನಟಿಸಿದ್ದು, ಹೆದರಿ. "ನನಗೆ ಯಾವ ಕಾಯಿಲೆನೂ ಇಲ್ಲ ತಾಯಿ. ಎಲ್ಲ ನೆನಪಿದೆ. ಬುದ್ಧಿ ಇದ್ದೇ ಮಾಡಿದ್ದು."

ರಮಾ ತಾಯಿಯ ಕಡೆ ನೋಡಿದಳು. ತಾಯಿ ಕಣ್ಣಲ್ಲೇ ಹೂಂ ಎಂದರು.

"ಹೌದು ತಾತ," ಎಂದಳು ರಮಾ, ತುಂಬ ಮೃದುವಾಗಿ. "ನಿಮಗೆ ಏನೂ ಆಗಿಲ್ಲ. ಕೂತ್ಕೊಳ್ಳಿ, ಕಾಫಿ ತರ್ತೀನಿ."

"ನಾನು ಹೇಳ್ತಿರೋದು ನಂಬು ತಾಯಿ."

"ನಂಬ್ತೀನಿ ತಾತ. ನಿಜ ಹೇಳ್ಬೇಕು ಅಂದ್ರೆ ಯಾರು ಮಾಡಿದ್ದು ಅಂತ ಗೊತ್ತಾದ್ರೆ ಅವರ ಮುಖಕ್ಕೆ ಉಗೀಬೇಕು ಅಂದ್ಕೊಂಡಿದ್ದೆ. ಎಲ್ಲರ ಮುಂದೆ ನನ್ನ ಬ್ಯಾಗ್ ಸುರಿದು ನೋಡಿದ್ರು. ಒಂದು ವಾರ ಮನೆಯಿಂದ ಆಚೆ ಬಂದಿಲ್ಲ ನಾನು. ಆಮೇಲೆ ಮೇಡಂ ಫೋನ್ ಮಾಡಿ ನಿಮ್ಮ ವಿಷಯ ಹೇಳಿದ್ರಲ್ಲ, ಕೋಪ ಎಲ್ಲ ಹೊರಟುಹೋಯ್ತು."

"ಹೋಗಬಾರದು. ಕೋಪ ಹೋಗಬಾರದು ತಾಯಿ. ನನ್ನ ಮೇಲೆ ಕೋಪ ಮಾಡ್ಕೋ. ಉಗಿ ಬೇಕಾದ್ರೆ, ಉಗಿ."

ಅವರ ದನಿ ಏರಿತು, ಕಣ್ಣಲ್ಲಿ ನೀರು ಬಂತು. ಸಣ್ಣತಾಯಮ್ಮ ಹತ್ತಿರ ಬಂದು, ಅಳುವ ಮಗುವನ್ನು ಕೂರಿಸುವಂತೆ, ಅವರ ಎರಡೂ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. "ಆಯ್ತು ಕಣಪ್ಪಾ, ಆಯ್ತು. ಉಗಿತಾಳೆ, ಆಮ್ಯಾಕೆ ಉಗಿತಾಳೆ. ಮೊದ್ಲು ಕಾಪಿ ಕುಡೀರಿ, ಆರೋಯ್ತದೆ." ರಮಾ ಅಷ್ಟರಲ್ಲಿ ಒಳಗೆ ಹೋಗಿ ಸಿಂಧುವಿಗೆ ಫೋನ್ ಮಾಡುತ್ತಿದ್ದಳು: ಗಾಬರಿಯಾಗಬೇಡಿ ಮೇಡಂ, ತಾತ ನಮ್ಮ ಮನೆಯಲ್ಲಿದ್ದಾರೆ, ನಾನೇ ಬಸ್ಸು ಹತ್ತಿಸುತ್ತೇನೆ. ಜಯದೇವಪ್ಪನವರು ಕಾಫಿ ಕುಡಿದರು.

ಬಸ್‌ ಸ್ಟ್ಯಾಂಡಿನವರೆಗೆ ಅವಳು ಅವರ ಕೈ ಹಿಡಿದೇ ನಡೆದಳು. ಕೈ ಬಿಡಿಸಿಕೊಳ್ಳಬಹುದಿತ್ತು, ಬಿಡಿಸಿಕೊಂಡಿದ್ದರೆ ಅದನ್ನೂ ಕಾಯಿಲೆಯ ಲೆಕ್ಕಕ್ಕೇ ಬರೆದುಕೊಳ್ಳುತ್ತಿದ್ದಳು. ಸ್ಟೇಷನ್ ರಸ್ತೆಯ ವರ್ತಕರು ಅಂಗಡಿಗಳಿಂದ ಇಣುಕಿ ನೋಡಿದರು. ಕಂಡಕ್ಟರನಿಗೆ ಅವಳು ತಗ್ಗಿದ ದನಿಯಲ್ಲಿ, ಆದರೆ ಅವರಿಗೂ ಕೇಳಿಸುವಂತೆ, ಹೇಳಿದಳು: "ತಾತಂಗೆ ಸ್ವಲ್ಪ ಮರೆವು ಅಣ್ಣ. ಅರಸೀಕೆರೆ ಸ್ಟ್ಯಾಂಡಲ್ಲಿ ಸೊಸೆ ಬಂದಿರ್ತಾರೆ, ಅವರ ಕೈಗೇ ಒಪ್ಪಿಸಿ." ಕಿಟಕಿಯ ಪಕ್ಕದ ಸೀಟಿನವನು ಎದ್ದು ಜಾಗ ಬಿಟ್ಟುಕೊಟ್ಟ.

ತಮ್ಮ ನಾಲಿಗೆಯನ್ನು ನಂಬಿ ಬದುಕುವ ಇಂಥವರು ನಮ್ಮ ನಡುವೆ ಇನ್ನೂ ಕೆಲವರಿದ್ದಾರೆ. ಕೊಳ್ಳುವಾಗ ಬಿಗಿ, ಕೊಡುವಾಗ ಧಾರಾಳ. ತಪ್ಪು ಮಾಡಿದರೆ ಅದಕ್ಕೂ ಸರಿಯಾದ ತೂಕದ ಬೆಲೆ ಕೊಟ್ಟು ಮುಗಿಸಿಬಿಡುತ್ತೇವೆಂಬ ಭರವಸೆ ಅವರದು. ಬೈಗುಳವನ್ನು ಅವರು ತಾಳಿಕೊಳ್ಳಬಲ್ಲರು, ನಷ್ಟವನ್ನೂ ತಾಳಿಕೊಳ್ಳಬಲ್ಲರು. ಆದರೆ ಕ್ಷಮೆ ಕೇಳುವುದಕ್ಕೂ ಒಂದು ಅರ್ಹತೆ ಬೇಕು, ಎದುರಿನವರು ನಮ್ಮನ್ನು ಬುದ್ಧಿಯಿರುವ ಮನುಷ್ಯರೆಂದು ಎಣಿಸಬೇಕು ಎಂಬುದು ಅದನ್ನು ಕಳೆದುಕೊಳ್ಳುವವರೆಗೆ ಅವರಿಗೆ ಹೊಳೆಯುವುದಿಲ್ಲ. ಮಕ್ಕಳನ್ನೂ ಮರುಳರನ್ನೂ ಯಾರೂ ಕ್ಷಮಿಸುವುದಿಲ್ಲ, ಕೈಹಿಡಿದು ಮನೆಗೆ ಮುಟ್ಟಿಸುತ್ತಾರೆ, ಅಷ್ಟೇ.